ಬೆನ್ನು ಕೂಡದ ಹಂಸ

ಬಿಟ್ಟಿ ಕೊಡುವುದಕ್ಕೂ ಒಂದು ಪದ್ಧತಿ ಇದೆ. ಮಜ್ಜಿಗೆಯನ್ನು ಬಿಟ್ಟಿ ಕೊಟ್ಟವನು ಪುಣ್ಯವಂತ. ಹಿತ್ತಲ ಕರಿಬೇವನ್ನು ಬಿಟ್ಟಿ ಕೊಟ್ಟವಳು ಒಳ್ಳೆಯ ನೆರೆಯವಳು. ಸಲಹೆಯನ್ನು ಬಿಟ್ಟಿ ಕೊಡುವವರಿಗಂತೂ ಹಿರಿಯೂರಿನ ಬಸ್ ನಿಲ್ದಾಣದ ಹೋಟೆಲಿನಲ್ಲಿ ಕುರ್ಚಿಗಳೇ ಸಾಲುವುದಿಲ್ಲ. ಆದರೆ ತಿಂಗಳುಗಟ್ಟಲೆ ತಲೆ ಕೆರೆದುಕೊಂಡು ಮಾಡಿದ ಒಂದು ಕೆಲಸವನ್ನು, ಮುಖ ನೋಡದ, ಊರು ಗೊತ್ತಿಲ್ಲದ ಜನರಿಗೆ, "ತಗೊಳ್ಳಿ, ಬೇಕಾದ ಹಾಗೆ ಬಳಸಿ, ಸರಿಯಿಲ್ಲದಿದ್ದರೆ ನೀವೇ ತಿದ್ದಿಕೊಳ್ಳಿ" ಎಂದು ಕೊಟ್ಟುಬಿಡುವವನನ್ನು ಏನೆಂದು ಕರೆಯಬೇಕೋ ನಮ್ಮ ಜನಕ್ಕೆ ಇನ್ನೂ ತಿಳಿದಿಲ್ಲ. ಸದ್ಯಕ್ಕೆ 'ಪಾಪ' ಎನ್ನುತ್ತಾರೆ. ಹಾಗೆ ಅನ್ನಿಸಿಕೊಂಡವನು ನಾನು.

ನನ್ನ ಪರಿಚಯ ಹೇಳಿಬಿಡುತ್ತೇನೆ. ನಮ್ಮ ಹಟ್ಟಿ ಹೊಳಲ್ಕೆರೆ ಕಡೆಯದು, ಕುರಿ ಸಾಕುವ ಮನೆತನ. ಆ ಹಟ್ಟಿಯಲ್ಲಿ ಪದವಿ ಪಡೆದ ಮೊದಲಿಗ ನಾನು. ಚಿತ್ರದುರ್ಗದ ಹಾಸ್ಟೆಲಿನಲ್ಲಿ ಮುದ್ದೆ ನುಂಗಿ, ಕಾಲೇಜಿನಲ್ಲಿ ಗಣಿತ ನುಂಗಲಾರದೆ ಒಮ್ಮೆ ಮುಗ್ಗರಿಸಿ, ಹಟ ಹಿಡಿದು ಅದೇ ಗಣಿತದಲ್ಲಿ ಬಿ.ಎಸ್ಸಿ. ಮಾಡಿದೆ. ಇದನ್ನು ಹೇಳದೆ ನಾನು ಯಾವ ಮಾತನ್ನೂ ಶುರು ಮಾಡುವುದಿಲ್ಲ ಎಂಬುದು ನನ್ನ ಹೆಂಡತಿ ಗಂಗಾಳ ದೂರು. "ಗಂಟೆ ಎಷ್ಟಾತು ಅಂತ ಕೇಳಿದ್ರೂ 'ನಾನು ಬಿ.ಎಸ್ಸಿ. ಓದುವಾಗ' ಅಂತ ಅಲ್ಲಿಂದ ಎತ್ಕತಾರೆ" ಎಂದು ಅವಳು ಹೊಸದುರ್ಗದ ತನ್ನ ತವರಿನಲ್ಲಿ ನನ್ನನ್ನು ಅಣಕಿಸುತ್ತಾಳಂತೆ. ಇರಲಿ. ಕಷ್ಟಪಟ್ಟು ಹತ್ತಿದವನು ಮೆಟ್ಟಿಲನ್ನು ಒಮ್ಮೆ ಹಿಂತಿರುಗಿ ನೋಡಿದರೆ ತಪ್ಪೇನು? ಈಗ ನನಗೆ ಹಿರಿಯೂರಿನ ಪಕ್ಕದ ಒಂದು ಕೃಷಿ ಫಾರಮ್ಮಿನಲ್ಲಿ ಕೆಲಸ. ಯಾವ ತಾಕಿನಲ್ಲಿ ಯಾವ ತಳಿಯ ಬೆಳೆ ಎಷ್ಟು ಬಂತು, ಅದು ಗೊಬ್ಬರದ ಪ್ರಭಾವವೋ ಮಳೆಯ ಕೃಪೆಯೋ ಎಂದು ಲೆಕ್ಕ ಹಾಕಿ ಹೇಳುವುದು. ಸಂಸಾರ ಬಬ್ಬೂರಿನಲ್ಲಿ, ಬಾಡಿಗೆ ಮನೆಯಲ್ಲಿ.

ಈ ಲೆಕ್ಕಗಳನ್ನು ಕೈಯಲ್ಲಿ ಮಾಡಿ ಮಾಡಿ ನಾನು ಸವೆಯುತ್ತಿದ್ದಾಗ ನಮ್ಮ ಸಾಹೇಬರು ಒಂದು ಏರ್ಪಾಟು ಮಾಡಿದರು. ದುರ್ಗದ ಆಚೆ ಒಂದು ಗಣಿ ಕಂಪನಿಯವರು ಅದಿರಿನ ಲೆಕ್ಕಕ್ಕೆಂದು ಸಣ್ಣದೊಂದು ಕಂಪ್ಯೂಟರ್ ತರಿಸಿದ್ದರು. ಸಣ್ಣದು ಎಂದರೆ ಎರಡು ಬೀರುಗಳನ್ನು ಅಕ್ಕಪಕ್ಕ ನಿಲ್ಲಿಸಿದಷ್ಟು. ಭಾನುವಾರ ಗಣಿಗೆ ರಜೆ, ಕಂಪ್ಯೂಟರಿಗೂ ಬಿಡುವು. ಆ ಬಿಡುವಿನಲ್ಲಿ ನಾನು ಹೋಗಿ ಫಾರಮ್ಮಿನ ಲೆಕ್ಕ ಮಾಡಿಕೊಂಡು ಬರಬಹುದು ಎಂದು ಒಪ್ಪಂದವಾಯಿತು. ಅಲ್ಲಿನ ಉಸ್ತುವಾರಿ ಕುಲಕರ್ಣಿ ಎಂಬ ಇಂಜಿನಿಯರ್, ಧಾರವಾಡದ ಕಡೆಯವರು. ಯಂತ್ರಕ್ಕೆ ತಣ್ಣಗಿರಬೇಕು ಎಂದು ಆ ಕೋಣೆಯನ್ನು ಸದಾ ತಂಪು ಮಾಡಿಟ್ಟಿರುತ್ತಾರೆ. ಹೊರಗೆ ದುರ್ಗದ ಬಂಡೆಗಳು ಕಾದ ಹಂಚಿನ ಹಾಗೆ ಉರಿಯುತ್ತಿದ್ದರೆ ಒಳಗೆ ಕುಲಕರ್ಣಿಯವರು ಸ್ವೆಟರ್ ಹಾಕಿಕೊಂಡು, ಕಿವಿಗೆ ಮಫ್ಲರ್ ಸುತ್ತಿಕೊಂಡು ಕೂತಿರುತ್ತಾರೆ. ಅವರೇ ನನಗೆ ಪ್ರೋಗ್ರಾಮ್ ಬರೆಯುವುದನ್ನು ಕಲಿಸಿದವರು. ಪ್ರೋಗ್ರಾಮ್ ಎಂದರೆ ಯಂತ್ರಕ್ಕೆ ಹೀಗೆ ಮಾಡು, ಆಮೇಲೆ ಹೀಗೆ ಮಾಡು ಎಂದು ಸಾಲಾಗಿ ಹೇಳುವ ಮಾತು. ಅದನ್ನು ಉದ್ದನೆಯ ಕಾಗದದ ಪಟ್ಟಿಯಲ್ಲಿ ತೂತುಗಳಾಗಿ ಹೊಡೆದು ಉಣಿಸಬೇಕು. ಒಮ್ಮೆ ಮನೆಗೆ ತಂದಿದ್ದ ಪಟ್ಟಿಯನ್ನು ನಮ್ಮಪ್ಪ ಬೆಳಕಿಗೆ ಹಿಡಿದು ನೋಡಿ, "ಗೆದ್ದಲು ತಿಂದೈತಲ್ಲೋ ತಿಪ್ಪೇಶ, ವಾಪಸ್ ಕೊಟ್ಟು ಬೇರೆ ಇಸ್ಕಂಬಾ" ಎಂದಿದ್ದ.

ಕುಲಕರ್ಣಿಯವರು ಇನ್ನೊಂದು ವಿಷಯ ಹೇಳಿದರು. ನಾನು ಕೆಟ್ಟದ್ದು ಅಲ್ಲಿಂದ. ಅದೇ ಜಾತಿಯ ಯಂತ್ರ ಇಟ್ಟುಕೊಂಡವರು ದೇಶದಲ್ಲಿ ಅಲ್ಲಲ್ಲಿ ಇದ್ದಾರಂತೆ: ಹೈದರಾಬಾದಿನಲ್ಲಿ, ಪೂನಾದಲ್ಲಿ, ಕಲ್ಕತ್ತೆಯಲ್ಲಿ. ಅವರೆಲ್ಲ ಸೇರಿ ಒಂದು ಬಳಗ ಮಾಡಿಕೊಂಡಿದ್ದಾರೆ. ಯಾರು ಒಳ್ಳೆಯ ಪ್ರೋಗ್ರಾಮ್ ಬರೆದರೂ ಅದರ ಪಟ್ಟಿಯನ್ನು ಬಳಗಕ್ಕೆ ಕಳಿಸುತ್ತಾರೆ. ಬೇಕಾದವರು ಅದರ ನಕಲು ತರಿಸಿಕೊಳ್ಳಬಹುದು, ತಿದ್ದಬಹುದು, ತಿದ್ದಿದ್ದನ್ನು ಮತ್ತೆ ಬಳಗಕ್ಕೆ ಕೊಡಬೇಕು. "ದುಡ್ಡು ಏನಿಲ್ರೀ ತಿಪ್ಪೇಶಪ್ಪ" ಎಂದರು ಕುಲಕರ್ಣಿ. "ನೀವು ಬರದದ್ದು ಎಲ್ಲಾರ್ದೂ ಆಗ್ತದ. ಮ್ಯಾಲಿನ ಸಾಲಿನ್ಯಾಗ ಹೆಸರು ಅಷ್ಟ ನಿಮ್ದು. ಅದನ್ನ ತಗೊಂಡವ್ರೆಲ್ಲಾ ಆ ಹೆಸರು ನೋಡ್ತಾರ."

ಹೆಸರು! ಓದುಗರೇ, ನಮ್ಮ ವಂಶದಲ್ಲಿ ಅದುವರೆಗೆ ಯಾರ ಹೆಸರೂ ಮತದಾರರ ಪಟ್ಟಿ ಬಿಟ್ಟು ಬೇರೆಲ್ಲೂ ಅಚ್ಚಾಗಿರಲಿಲ್ಲ. ಕಲ್ಕತ್ತೆಯಲ್ಲಿ ಯಾರೋ ಒಬ್ಬ ಬಂಗಾಳಿ ಬಾಬು ಬೆಳಗ್ಗೆ ಯಂತ್ರದ ಮುಂದೆ ಕೂತು, ಮೊದಲ ಸಾಲಿನಲ್ಲಿ 'ತಿಪ್ಪೇಶಪ್ಪ, ಹಿರಿಯೂರು' ಎಂದು ಓದುವುದನ್ನು ನೆನೆಸಿಕೊಂಡೇ ನನಗೆ ಎರಡು ರಾತ್ರಿ ನಿದ್ದೆ ಬರಲಿಲ್ಲ.

ಅವಕಾಶವೂ ಬಂತು. ಗಣಿಯವರು ನಕ್ಷೆ ಬರೆಯುವ ಯಂತ್ರವೊಂದನ್ನು ಕೊಂಡರು. ಅದರಲ್ಲಿ ಕಾಗದ ಸುತ್ತಿದ ಒಂದು ಉರುಳೆ, ಮೇಲೆ ಒಂದು ಪೆನ್ನು. ಪೆನ್ನನ್ನು ಇಳಿಸು, ಎತ್ತು, ಆ ಕಡೆ ಒಂದು ಹೆಜ್ಜೆ, ಈ ಕಡೆ ಒಂದು ಹೆಜ್ಜೆ. ಅದಕ್ಕೆ ಬರುವುದು ಇಷ್ಟೇ. ಆದರೆ ಅದು ಒಂದು ಕಂಪನಿಯದು, ಕಂಪ್ಯೂಟರ್ ಇನ್ನೊಂದು ಕಂಪನಿಯದು. ಎರಡಕ್ಕೂ ಮಾತುಕತೆ ಇಲ್ಲ. ನಡುವೆ ಕೂತು ಇದರ ಮಾತನ್ನು ಅದಕ್ಕೆ ತಿಳಿಸಿ ಪೆನ್ನನ್ನು ನಡೆಸುವ ಒಂದು ಪ್ರೋಗ್ರಾಮ್ ಬೇಕು. ಇಂಥದ್ದನ್ನು 'ಡ್ರೈವರ್' ಎನ್ನುತ್ತಾರೆ. ಈ ಪದವನ್ನು ನಾನು ಮಾವನ ಮನೆಯಲ್ಲಿ ಒಮ್ಮೆ ಬಳಸಿ, ನಾನು ಲಾರಿ ಓಡಿಸಲು ಹೊರಟೆನೆಂದು ಗಂಗಾಳ ಅಣ್ಣ ಎದ್ದು ಹೋಗಿ ಗಾಬರಿಯಿಂದ ಅವರಮ್ಮನನ್ನು ಕರೆತಂದ ಮೇಲೆ ಅಲ್ಲಿ ಮತ್ತೆ ಬಳಸಿಲ್ಲ. ಬಳಗದಲ್ಲಿ ಯಾರ ಬಳಿಯೂ ಆ ಯಂತ್ರಕ್ಕೆ ಡ್ರೈವರ್ ಇರಲಿಲ್ಲ. ಗಣಿಯ ಮ್ಯಾನೇಜರರು ಕುಲಕರ್ಣಿಗೆ ಖಡಾಖಂಡಿತವಾಗಿ ಹೇಳಿದ್ದರು: ದೀಪಾವಳಿಯ ಒಳಗೆ ಇದು ನಕ್ಷೆ ಬರೆದು ತೋರಿಸಬೇಕು, ಇಲ್ಲವಾದರೆ ಬೇರೆ ಊರಿನ ಗಣಿಗೆ ಸಾಗಿಸಿಬಿಡುತ್ತೇವೆ. ಕುಲಕರ್ಣಿಯವರಿಗೆ ಗಣಿಯ ಕೆಲಸವೇ ತಲೆಯ ಮೇಲಿತ್ತು. "ನಾನು ಬರೀತೀನಿ ಸಾರ್" ಎಂದೆ. ಬಾಯಿ ನನ್ನದೇ, ಮಾತು ಆ ಬಂಗಾಳಿ ಬಾಬು ಆಡಿಸಿದ್ದು.

ಅಪ್ಪನಿಗೆ ಇದನ್ನು ತಿಳಿಸಿ ಹೇಳುವುದು ಪ್ರೋಗ್ರಾಮ್ ಬರೆಯುವುದಕ್ಕಿಂತ ಕಷ್ಟವಾಯಿತು. ಅವನು ಕುರಿ ಮಂದೆಯನ್ನು ಹಿರಿಯೂರಿನ ಕಡೆ ತಂದಾಗ ಒಂದೆರಡು ದಿನ ನಮ್ಮ ಮನೆಯಲ್ಲಿ ಇದ್ದು ಹೋಗುತ್ತಾನೆ. ಕಂಬಳಿ ಹಾಸಿಕೊಂಡು ಕೂತು ಎಲ್ಲ ಕೇಳಿದ.

"ಅಲ್ಲ ಮಗ, ನಾವು ಒಬ್ರ ಹೊಲದಾಗೆ ರಾತ್ರಿ ಮಂದೆ ನಿಲ್ಸಿದ್ರೆ ಗೊಬ್ಬರ ಆತು ಅಂತ ರಾಗಿ ಕೊಡ್ತಾರೆ. ನಿಂಗೆ ಅವರು ಏನ್ ಕೊಡ್ತಾರೆ?"

"ಏನೂ ಇಲ್ಲಪ್ಪ."

"ರಾಗಿನೂ ಇಲ್ಲ?"

"ಹೆಸರು ಹಾಕ್ತಾರೆ. ದೇಶದ ತುಂಬ ಜನ ನೋಡ್ತಾರೆ."

ಅಪ್ಪ ಗಡ್ಡ ಕೆರೆದುಕೊಂಡ. "ನಮ್ಮ ಕುರಿ ಕಿವಿಗೆ ಗುರುತು ಕೊಯ್ತೀವಲ್ಲ, ಹಂಗಾ?"

ನಾನು ಹೌದು ಎಂದೆ. ಇಷ್ಟು ಚೆನ್ನಾಗಿ ನನಗೂ ಹೇಳಲು ಬಂದಿರಲಿಲ್ಲ. ಅಪ್ಪ ಮಾರನೆಯ ದಿನ ಹೊರಟವನು, ಹೊಳಲ್ಕೆರೆ ತಲುಪುವಷ್ಟರಲ್ಲಿ ಸಿಕ್ಕ ಸಿಕ್ಕ ಊರಿನ ಕಟ್ಟೆಯ ಮೇಲೆಲ್ಲ, ತನ್ನ ಮಗನ ಗುರುತು ಕಲ್ಕತ್ತೆಯವರೆಗೆ ಹೋಗುತ್ತದೆ ಎಂದು ಸಾರಿದ್ದನಂತೆ. ಇನ್ನು ಹಿಂದೆ ಸರಿಯುವ ಹಾಗಿರಲಿಲ್ಲ.

ನಾನು ಬರೆದೆ. ಬರೆದದ್ದನ್ನು ಪರೀಕ್ಷೆ ಮಾಡುವುದು ಹೇಗೆ? ನಕ್ಷೆಯ ಯಂತ್ರ ಇನ್ನೂ ಮರದ ಪೆಟ್ಟಿಗೆಯಲ್ಲೇ ಇತ್ತು. ಅದನ್ನು ಜೋಡಿಸುವವನು ಮದ್ರಾಸಿನಿಂದ ಬರಬೇಕು. ಹೀಗೆ ಯೋಚಿಸುತ್ತ ಬೆಳಗ್ಗೆ ಕಾಫಿ ಕುಡಿಯುತ್ತಿದ್ದಾಗ ಬಾಗಿಲ ಮುಂದೆ ಗಂಗಾ ಸಗಣಿ ಸಾರಿಸಿದ ನೆಲದ ಮೇಲೆ ರಂಗೋಲಿ ಇಡುತ್ತಿದ್ದಳು. ಬೆರಳ ತುದಿಯಿಂದ ಬಿಳಿಯ ಪುಡಿ ಇಳಿಯುತ್ತಿತ್ತು. ಕೈ ಎತ್ತಿದರೆ ಗೆರೆ ನಿಲ್ಲುತ್ತಿತ್ತು, ಇಳಿಸಿದರೆ ಓಡುತ್ತಿತ್ತು. ನಾನು ಲೋಟವನ್ನು ಹಾಗೇ ಕೆಳಗಿಟ್ಟೆ. ನಕ್ಷೆಯ ಯಂತ್ರ ನಮ್ಮ ಮನೆಯಲ್ಲೇ ಇತ್ತು! ಜೊತೆಗೆ ಮದ್ರಾಸಿನವನು ಬಂದು ಜೋಡಿಸುವ ಅಗತ್ಯವೂ ಇರಲಿಲ್ಲ.

ಗಂಗಾ ಮೊದಲು ಒಪ್ಪಲಿಲ್ಲ. "ನಾನು ಹುಟ್ಟಿದಾಗಿಂದ ರಂಗೋಲಿ ಇಕ್ತಾ ಇದೀನಿ. ಈಗ ನೀವು ಹೇಳಿಕೊಟ್ಟು ನಾನು ಇಕ್ಕಬೇಕಾ?" ಎಂದಳು. ರಂಗೋಲಿ ಪುಡಿಯ ಖರ್ಚು ನನ್ನದು, ಹಿರಿಯೂರಿನ ಸಂತೆಯಿಂದ ಬಣ್ಣದ ಪುಡಿಯನ್ನೂ ತಂದುಕೊಡುತ್ತೇನೆ ಎಂದ ಮೇಲೆ ಒಪ್ಪಿದಳು. ಪರೀಕ್ಷೆಗೆ ನಾನು ಆರಿಸಿಕೊಂಡದ್ದು ಹಂಸಗಳ ಸಾಲು. ಒಂದು ಹಂಸ ಮುಗಿದ ಜಾಗದಿಂದಲೇ ಇನ್ನೊಂದು ಶುರುವಾಗಬೇಕು. ಬೆನ್ನಿಗೆ ಉದ್ದ ಗೆರೆ, ಕತ್ತಿಗೂ ಹೊಟ್ಟೆಗೂ ಸಣ್ಣ ಸಣ್ಣ ಗೆರೆಗಳ ಡೊಂಕು. ಇದು ಬಂದರೆ ಗಣಿಯ ನಕ್ಷೆ ಯಾವ ಲೆಕ್ಕ?

ಪರೀಕ್ಷೆ ನ್ಯಾಯವಾಗಿರಬೇಕು ಎಂದು ನಾನೊಂದು ಕಟ್ಟುನಿಟ್ಟು ಮಾಡಿಕೊಂಡೆ. ಪ್ರೋಗ್ರಾಮಿಗೆ ಕಣ್ಣಿಲ್ಲ, ಪೆನ್ನು ಎಲ್ಲಿದೆ ಎಂದು ಅದು ನೋಡಲಾರದು. ಆದ್ದರಿಂದ ನಾನೂ ನೋಡಬಾರದು. ನಡುಮನೆಯಲ್ಲಿ ಗೋಡೆಗೆ ಮುಖ ಮಾಡಿ ಕೂತು, ಯಂತ್ರ ಹೇಗೆ ಲೆಕ್ಕ ಮಾಡುತ್ತದೋ ಹಾಗೇ ಕಾಗದದ ಮೇಲೆ ಲೆಕ್ಕ ಮಾಡುತ್ತ ಕೂಗುತ್ತಿದ್ದೆ. "ಕೈ ಇಳಿಸು! ಬಲಕ್ಕೆ ಮೂರು ಬೆರಳು! ಮೇಲಕ್ಕೆ ಒಂದು! ಮತ್ತೆ ಮೇಲಕ್ಕೆ ಒಂದು! ಕೈ ಎತ್ತು!"

ಎದುರು ಮನೆಯ ಈರಜ್ಜಿಗೆ ಇದು ದಿನದಿನದ ಮನರಂಜನೆಯಾಯಿತು. ಅವಳು ಜಗಲಿಯ ಮೇಲೆ ಎಲೆ ಅಡಿಕೆ ಹಾಕಿಕೊಂಡು ಕೂತು, "ಏನವ್ವ ಗಂಗಮ್ಮ, ನಿನ್ ಗಂಡ ಒಳಗೆ ಕುಂತು ಯಾರಿಗೆ ಕೈ ಎತ್ತು ಅಂತಾನೆ? ಪೋಲೀಸ್ ಕೆಲಸ ಸಿಕ್ತಾ?" ಎಂದು ಕೇಳುವುದು ಮುಖ ಗೋಡೆಯ ಕಡೆಗಿದ್ದರೂ ನನಗೆ ಕೇಳಿಸುತ್ತಿತ್ತು.

"ರಂಗೋಲಿ ಹೇಳ್ತಾ ಅವ್ರೆ ಅಜ್ಜಿ. ಬಿ.ಎಸ್ಸಿ. ರಂಗೋಲಿ."

ಕೂಗು ಮುಗಿಸಿ ಹೊರಗೆ ಬಂದು ನೋಡಿದರೆ ಏನು ಹೇಳಲಿ! ಹಂಸಗಳು ಒಂದರ ಹಿಂದೆ ಒಂದು, ಮದುವೆಗೆ ಹೊರಟ ಹಾಗೆ, ಕತ್ತು ಎತ್ತಿಕೊಂಡು ನಿಂತಿವೆ. ಒಂದು ಗೆರೆ ಆಚೆ ಇಲ್ಲ, ಈಚೆ ಇಲ್ಲ. "ಭೇಷ್!" ಎಂದೆ. ಯಾರಿಗೆಂದು ಬೇರೆ ಹೇಳಬೇಕೆ? ನನ್ನ ಪ್ರೋಗ್ರಾಮಿಗೆ. ಮರುದಿನ ಇನ್ನೊಮ್ಮೆ, ಅದರ ಮರುದಿನ ಮತ್ತೊಮ್ಮೆ ಹಂಸಗಳು ಬಂದವು. ಬಬ್ಬೂರಿನ ಆ ಬೀದಿಗೆ ಬೇರೆ ರಂಗೋಲಿಯೇ ಮರೆತುಹೋಗುವಷ್ಟು ಹಂಸಗಳಾದ ಮೇಲೆ, ಪ್ರೋಗ್ರಾಮ್ ತಯಾರಿದೆ ಎಂದು ಕುಲಕರ್ಣಿಯವರಿಗೆ ಹೇಳಿ ಕಳಿಸಿದೆ. ಅವರು, ಮದ್ರಾಸಿನವನು ಬಂದು ಹೋಗಿದ್ದಾನೆ, ಭಾನುವಾರ ಮ್ಯಾನೇಜರರೂ ನೋಡಲು ಬರುತ್ತಾರೆ, ನೀವು ಮನೆಯವರನ್ನೂ ಕರೆತನ್ನಿ ಎಂದು ಹೇಳಿಸಿದರು.

ಭಾನುವಾರ ಬೆಳಗ್ಗೆ, ಸುದ್ದಿ ತಿಳಿದು ಹಟ್ಟಿಯಿಂದ ಬಂದಿದ್ದ ಅಪ್ಪ, ಗಂಗಾ, ನಾನು ದುರ್ಗದ ಬಸ್ಸು ಹತ್ತಿದೆವು. ಗಂಗಾ ರೇಷ್ಮೆ ಸೀರೆ ಉಟ್ಟಿದ್ದಳು. ಅಪ್ಪನಿಗೆ ಹೊಸ ಅಂಗಿ ಹಾಕಿಸಿ, "ಆ ಕಂಬಳಿ ಮನೇಲಿ ಬಿಟ್ಟು ಬಾರಪ್ಪ, ದೊಡ್ಡ ದೊಡ್ಡ ಇಂಜಿನಿಯರ್‌ಗಳು ಬಂದಿರ್ತಾರೆ" ಎಂದು ಎಷ್ಟು ಹೇಳಿದರೂ ಅವನು ಕೇಳಲಿಲ್ಲ. ಬಸ್ಸಿನ ದಾರಿ ಪೂರ್ತಿ ನಾನು ಆ ಕಂಬಳಿಯ ಚಿಂತೆಯಲ್ಲೇ ಬೆವರಿದೆ. ಆದರೆ ಕಂಪ್ಯೂಟರ್ ಕೋಣೆಯ ಒಳಗೆ ಕಾಲಿಟ್ಟು ಐದು ನಿಮಿಷವಾಗುವಷ್ಟರಲ್ಲಿ ನಾನು ಹೊಸ ಟೆರಿಲಿನ್ ಅಂಗಿಯಲ್ಲಿ ಗಡಗಡ ನಡುಗುತ್ತಿದ್ದೆ. ಮ್ಯಾನೇಜರರು ಕೈಗಳನ್ನು ಕಂಕುಳಲ್ಲಿ ಇಟ್ಟುಕೊಂಡಿದ್ದರು. ಗಂಗಾ ಸೆರಗನ್ನು ಎರಡು ಸುತ್ತು ಹೊದ್ದಿದ್ದಳು. ಅಪ್ಪನೊಬ್ಬ ಕಂಬಳಿ ಹೊದ್ದು ಆರಾಮಾಗಿ ನಿಂತು, "ಒಳ್ಳೇ ಹವಾ ಐತಲ್ಲ ಸ್ವಾಮಿ, ಕುರಿಗೆ ಹೇಳಿ ಮಾಡಿಸ್ದಂಗೈತೆ" ಎಂದ. ಕುಲಕರ್ಣಿಯವರು ಮಫ್ಲರ್ ಬಿಗಿದುಕೊಳ್ಳುತ್ತ ಆ ಕಂಬಳಿಯನ್ನೇ ಆಸೆಗಣ್ಣಿನಿಂದ ನೋಡಿ, "ಯಜಮಾನ್ರ, ಇಂಥಾದ್ದು ನನಗೊಂದು ನೇಯ್ಸಿ ಕೊಡ್ರಿ. ಇಲ್ಲಿ ಹಾಕ್ಕೊಳ್ಳಾಕ ಸರಿಯಾದ ಬಟ್ಟಿ ಅಂದ್ರ ಅದ" ಎಂದರು.

ಪಟ್ಟಿ ಓಡಿತು. ಪೆನ್ನು ಇಳಿಯಿತು. ಟಕ ಟಕ ಟಕ ಎಂದು ಉರುಳೆ ಅತ್ತ ಇತ್ತ ಆಡುತ್ತಿದ್ದಂತೆ ಕಾಗದದ ಮೇಲೆ ಕೊಕ್ಕು ಮೂಡಿತು, ಕತ್ತು ಮೂಡಿತು. ಅಪ್ಪ ಬಾಯಿ ತೆರೆದು ನೋಡುತ್ತಿದ್ದ. ಮ್ಯಾನೇಜರರು ಕಂಕುಳಿನಿಂದ ಒಂದು ಕೈಯನ್ನು ಹೊರಗೆ ತೆಗೆದರು. ಬಹುಶಃ ನನ್ನ ಕೈ ಕುಲುಕುವುದಕ್ಕೆ. ಅಷ್ಟರಲ್ಲಿ ಮೊದಲ ಹಂಸ ಮುಗಿಯಿತು. ಹೊಟ್ಟೆಯ ಗೆರೆ ತಿರುಗಿಕೊಂಡು ಬಂದು ಬೆನ್ನಿನ ಗೆರೆಗೆ ಸೇರಬೇಕು ತಾನೆ? ಸೇರಲಿಲ್ಲ. ಬೆರಳಗಲ ದೂರದಲ್ಲಿ ನಿಂತುಬಿಟ್ಟಿತು. ಹಂಸದ ಬೆನ್ನು ಒಡೆದ ಮಡಕೆಯ ಹಾಗೆ ಬಾಯಿ ಬಿಟ್ಟಿತ್ತು. ಎರಡನೆಯ ಹಂಸ ಅಲ್ಲಿಂದಲೇ ಶುರುವಾಗಿ ಇನ್ನೂ ಒಂದು ಬೆರಳು ಮೇಲೆ ಹತ್ತಿತು. ಮೂರನೆಯದು ಮತ್ತೂ ಮೇಲಕ್ಕೆ ಹೋಯಿತು. ಮೆಟ್ಟಿಲು ಹತ್ತುವ ಹಾಗೆ ಹಂಸಗಳು ಹತ್ತುತ್ತಾ ಹತ್ತುತ್ತಾ ಹೋದವು. ಕೊನೆಗೊಂದು ಹಂಸ ಅರ್ಧ ಮೈ ಕಾಗದದ ಮೇಲೆ, ಅರ್ಧ ಮೈ ಬಯಲಿನಲ್ಲಿ ಎನ್ನುವ ಹಾಗಾಗಿ ಪೆನ್ನು ಉರುಳೆಯ ಅಂಚಿಗೆ ಬಡಿದು ಗರ್ರ್ ಎಂದು ಕೂಗತೊಡಗಿತು. ಕುಲಕರ್ಣಿಯವರು ಓಡಿ ಹೋಗಿ ಗುಂಡಿ ಒತ್ತಿದರು.

ಮೊದಲು ಮಾತಾಡಿದವನು ಅಪ್ಪ. "ಹಾರಿ ಹೋದ್ವಲ್ಲ ಮಗ" ಎಂದ.

"ಅಯ್ಯೋ, ಮುಚ್ಚಲಿಲ್ಲ!" ಎಂದಳು ಗಂಗಾ, ಎಲ್ಲರ ಮುಂದೆ, ಗಟ್ಟಿಯಾಗಿ. "ಕುಲಕರ್ಣಿ ಸಾರ್, ಮುಚ್ಚಾಕೆ ಹೇಳ್ರಿ ಅದಕ್ಕೆ. ಬೆನ್ನು ಹತ್ರ ಬಂದಾಗ ಸ್ವಲ್ಪ ಎಳ್ಕಬೇಕು. ನಾನು ದಿನಾ ಎಳೀತಿದ್ನಲ್ಲ!"

ನಾನು ಅವಳ ಕಡೆ ತಿರುಗಿದೆ. "ಏನು ಎಳೀತಿದ್ದೆ?"

"ಇವರು ಹೇಳ್ದಂಗೆ ಇಕ್ಕಿದ್ರೆ ಹಿಂಗೇ ಆಗ್ತಿತ್ತು ಸಾರ್, ಒಂದು ದಿನಾನೂ ಕೂಡ್ಕಂತಿರಲಿಲ್ಲ" ಎಂದು ಅವಳು ನನ್ನನ್ನು ಬಿಟ್ಟು ಮ್ಯಾನೇಜರರಿಗೆ ವರದಿ ಒಪ್ಪಿಸಿದಳು. "ನಾನೇ ಸೇರಿಸಿ, ಮುಂದಿನ ಹಂಸನ ಕೆಳಕ್ಕೆ ಇಳಿಸ್ಕತಿದ್ದೆ."

"ಮತ್ತೆ ನನಗ್ಯಾಕೆ ಹೇಳಲಿಲ್ಲ?"

"ನೀವು ಎಲ್ಲಿ ಕೇಳಿದ್ರಿ? ಹೊರಗೆ ಬಂದು ಭೇಷ್ ಅಂತಿದ್ರಿ. ನಂಗೇ ಅಂತಿದೀರಿ ಅನ್ಕಂಡೆ." ಅವಳಿಗೂ ಈಗ ಸಿಟ್ಟು ಬಂದಿತ್ತು. "ಬಾಗ್ಲು ಮುಂದೆ ಗೆರೆ ಬಾಯಿ ಬಿಟ್ಕಂಡು ಬಿದ್ದಿದ್ರೆ ಮನೆಗೆ ಒಳ್ಳೇದಾ? ಈರಜ್ಜಿ ಊರೆಲ್ಲ ಹೇಳ್ಕಂಡು ಬರ್ತಿದ್ಲು, ಗಂಗಮ್ಮಂಗೆ ರಂಗೋಲಿ ಮುಚ್ಚಾಕೆ ಬರಲ್ಲ ಅಂತ."

ನನಗೆ ಎಲ್ಲ ಹೊಳೆಯಿತು. ಬಾಗಿಲ ಮುಂದಿನ ರಂಗೋಲಿಯ ಗೆರೆ ಎಲ್ಲೂ ತೆರೆದಿರಬಾರದು. ಇದು ನಮ್ಮ ಕಡೆ ಹೆಣ್ಣುಮಕ್ಕಳಿಗೆ ಎದೆಹಾಲಿನ ಜೊತೆ ಬಂದ ಮಾತು. ಯಾರ ಬಾಯಲ್ಲಿ ಏನು ಬರಲಿ, ಕೈ ತಾನಾಗಿ ಹೋಗಿ ಮುಚ್ಚಿಬಿಡುತ್ತದೆ. ನಾನು ಹೇಳಿದ್ದನ್ನು ಹೇಳಿದ ಹಾಗೆ ಮಾಡುವ ಯಂತ್ರವೊಂದು ಬೇಕೆಂದು, ಜಗತ್ತಿನಲ್ಲಿ ನನ್ನ ಮಾತನ್ನು ಒಮ್ಮೆಯೂ ಹೇಳಿದ ಹಾಗೆ ಕೇಳದ ಒಬ್ಬಳನ್ನು ಹುಡುಕಿ ಪರೀಕ್ಷೆಗೆ ನಿಲ್ಲಿಸಿದ್ದೆ. ಮದುವೆಯಾಗಿ ಅಷ್ಟು ವರ್ಷ ಕಳೆದಿದ್ದರೂ ಇದು ನನಗೆ ಮೊದಲೇ ಹೊಳೆಯಲಿಲ್ಲ ಎಂದರೆ, ಬಿ.ಎಸ್ಸಿ.ಯಲ್ಲಿ ಇದನ್ನು ಕಲಿಸುವುದಿಲ್ಲ ಎಂಬುದೊಂದೇ ಸಮಾಧಾನ.

ಮ್ಯಾನೇಜರರು ಹೊರಗೆ ತೆಗೆದಿದ್ದ ಕೈಯನ್ನು ಮತ್ತೆ ಕಂಕುಳಿಗೆ ಸೇರಿಸಿಕೊಂಡರು. "ಬರುವ ಭಾನುವಾರ. ಅದೇ ಕೊನೆ" ಎಂದು ಹೊರಟುಹೋದರು. ಬಸ್ಸು ಐಮಂಗಲ ದಾಟಿದ ಮೇಲೆ ಅಪ್ಪ ಮೆಲ್ಲಗೆ, "ಹಟ್ಟಿಯೋರಿಗೆ ಏನಂತ ಹೇಳಾಣ?" ಎಂದು ಕೇಳಿದ. ಆ ಪ್ರಶ್ನೆ ನನಗೆ ಮ್ಯಾನೇಜರರ ಗಡುವಿಗಿಂತ ಜೋರಾಗಿ ಬಡಿಯಿತು.

ಮರುದಿನ ಬೆಳಗ್ಗೆ ಗಂಗಾಳಿಗೆ ಕೈಮುಗಿದು ಹೇಳಿದೆ: "ನೋಡು, ಇವತ್ತು ನೀನು ಗಂಗಾ ಅಲ್ಲ. ನಿನಗೆ ಬುದ್ಧಿ ಇಲ್ಲ, ಕಣ್ಣಿಲ್ಲ, ಈರಜ್ಜಿಯ ಭಯ ಇಲ್ಲ. ನಾನು ಹೇಳಿದ್ದನ್ನು ಮಾತ್ರ ಮಾಡು. ಒಂದು ಎಳ್ಳಿನಷ್ಟು ಕೂಡ ನಿನ್ನದು ಸೇರಿಸಬೇಡ." ಅವಳು ನನ್ನನ್ನು ಒಂದು ಥರ ನೋಡಿ, "ಆತು. ಆಮೇಲೆ ಬೈಬಾರದು" ಎಂದಳು. ನಾನು ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಕೂಗತೊಡಗಿದೆ. ಒಂದು ಹಂಸ ಕೂಗಿದೆ, ಎರಡು ಕೂಗಿದೆ, ಪೂರ್ತಿ ಸಾಲು ಕೂಗಿದೆ. ಹೊರಗಿನಿಂದ "ಹೂಂ" ಎಂಬ ಅವಳ ದನಿ ಬರಬರುತ್ತ ದೂರವಾಗುತ್ತಿದ್ದದ್ದು ನನ್ನ ಗಮನಕ್ಕೆ ಬರಲಿಲ್ಲ. ಮುಗಿಸಿ ಹೊರಗೆ ಬಂದರೆ ಬಾಗಿಲ ಮುಂದೆ ಅವಳಿಲ್ಲ. ಬಾಯಿಬಿಟ್ಟ ಹಂಸಗಳ ಸಾಲೊಂದು ನಮ್ಮ ಅಂಗಳದಿಂದ ಹೊರಟು, ಬೀದಿಯನ್ನು ಓರೆಯಾಗಿ ದಾಟಿ, ಮಲಗಿದ್ದ ಒಂದು ನಾಯಿಯ ಬೆನ್ನಿನ ಮೇಲೆ ಬಿಳಿಯ ಗೆರೆ ಎಳೆದು, ಈರಜ್ಜಿಯ ಜಗಲಿಯ ಮೆಟ್ಟಿಲು ಹತ್ತಿತ್ತು. ಕೊನೆಯ ಹಂಸದ ಪಕ್ಕದಲ್ಲಿ ಗಂಗಾ ಕುಕ್ಕರಗಾಲಲ್ಲಿ ಕೂತು, ಮುಂದಿನ ಅಪ್ಪಣೆಗೆ ಕಾಯುತ್ತಿದ್ದಳು. ಈರಜ್ಜಿ ಎಲೆ ಅಡಿಕೆಯ ಚೀಲವನ್ನು ಎದೆಗೆ ಅವಚಿಕೊಂಡು ಗೋಡೆಗೆ ಒರಗಿದ್ದಳು.

"ಇನ್ನೂ ಮುಂದಕ್ಕೆ ಹೇಳಪ್ಪ" ಎಂದಳು ಈರಜ್ಜಿ ನನ್ನನ್ನು ನೋಡಿ. "ಒಲೆ ತಂಕ ಬಂದ್ರೆ ಒಂದು ಲೋಟ ಕಾಫಿನಾದ್ರೂ ಕುಡೀಲಿ, ಪಾಪ."

ನಾನು ಬೀದಿಯಲ್ಲಿ ನಿಂತು ಆ ಹಂಸಗಳನ್ನು ಮೊದಲಿನಿಂದ ಕೊನೆಯವರೆಗೆ ನೋಡುತ್ತ ನಡೆದೆ. ಆಗ ತಪ್ಪು ಕಂಡಿತು. ಪ್ರತಿ ಗೆರೆಯನ್ನು ಹೆಜ್ಜೆಗಳಾಗಿ ಭಾಗಿಸುವಾಗ ಉಳಿದ ಚೂರನ್ನು ನನ್ನ ಪ್ರೋಗ್ರಾಮ್ ಎಸೆದುಬಿಡುತ್ತಿತ್ತು. ಬೆನ್ನಿನ ಉದ್ದ ಗೆರೆಯಲ್ಲಿ ಎಸೆದದ್ದು ಒಂದೇ ಚೂರು. ಹೊಟ್ಟೆಯ ಸಣ್ಣ ಸಣ್ಣ ಗೆರೆಗಳಲ್ಲಿ ಗೆರೆಗೊಂದು ಚೂರು. ಹೋಗುವಾಗ ಪೂರಾ ಹೋಗಿ ಬರುವಾಗ ಅಷ್ಟಷ್ಟು ಕಡಿಮೆ ಬಂದರೆ ಹೊರಟ ಜಾಗ ಸಿಗುವುದು ಹೇಗೆ? ಎಸೆಯುವ ಚೂರನ್ನು ಕೈಯಲ್ಲೇ ಇಟ್ಟುಕೊಂಡು ಮುಂದಿನ ಗೆರೆಗೆ ಸೇರಿಸಬೇಕು, ಅಷ್ಟೆ. ಅಲ್ಲೇ ಈರಜ್ಜಿಯ ಮೆಟ್ಟಿಲ ಮೇಲೆ ಕೂತು ತಿದ್ದಿ ಬರೆದೆ. ಮಾರನೆಯ ದಿನ ಗಂಗಾ ಬುದ್ಧಿಯನ್ನು ಒಳಗಿಟ್ಟು ಬಂದು ಇಟ್ಟ ಹಂಸಗಳು ಅಂಗಳ ಬಿಟ್ಟು ಕದಲಲಿಲ್ಲ, ಬೆನ್ನುಗಳೆಲ್ಲ ಕೂಡಿದವು. ಆದರೂ ಒಮ್ಮೆ ಹೆದರಿದವನ ಮನಸ್ಸು ನೋಡಿ, ಪ್ರೋಗ್ರಾಮಿನ ಕೊನೆಗೆ ಇನ್ನೊಂದು ಚಿಕ್ಕ ತುಂಡು ಸೇರಿಸಿದೆ: ಗೆರೆ ಮುಗಿದಾಗ ಹೊರಟ ಜಾಗದ ಹತ್ತಿರಕ್ಕೆ ಬಂದಿದ್ದರೆ, ಸುಮ್ಮನೆ ಎಳೆದು ಮುಚ್ಚಿಬಿಡು. ಅಂಥ ತುಂಡುಗಳಿಗೆ ಒಂದೊಂದು ಪುಟ್ಟ ಹೆಸರು ಕೊಡಬೇಕು, ಆ ಹೆಸರು ಹಿಡಿದು ಕರೆದರೆ ಅದು ಬಂದು ಕೆಲಸ ಮಾಡುತ್ತದೆ. ನಾನು ಹೆಚ್ಚು ಯೋಚಿಸದೆ 'ಗಂಗಾ' ಎಂದು ಇಟ್ಟೆ. ಮನೆಯಲ್ಲಿ ಆ ಕೆಲಸ ಅವಳದೇ ಆಗಿತ್ತಲ್ಲ.

ಭಾನುವಾರ ಹಂಸಗಳು ಹದ್ದು ಮೀರದೆ ಸಾಲಾಗಿ ನಿಂತವು. ಮ್ಯಾನೇಜರರ ಕೈ ಕೊನೆಗೂ ಪೂರ್ತಿ ಹೊರಗೆ ಬಂತು. ನಕ್ಷೆಯ ಯಂತ್ರ ದುರ್ಗದಲ್ಲೇ ಉಳಿಯಿತು. ಡ್ರೈವರ್ ಬಳಗಕ್ಕೆ ಹೋಯಿತು, ಮೊದಲ ಸಾಲಿನಲ್ಲಿ ನನ್ನ ಹೆಸರು ಹೊತ್ತುಕೊಂಡು. ಅಪ್ಪ ಹೊಳಲ್ಕೆರೆಯ ದಾರಿಯಲ್ಲಿ ಬಿಟ್ಟ ಕಟ್ಟೆಗಳೇನಾದರೂ ಇದ್ದರೆ ಅವನ್ನೂ ಈ ಸಲ ಪೂರೈಸಿದ.

ಕಥೆ ಇಲ್ಲಿಗೇ ನಿಂತಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಹಟ್ಟಿಯಲ್ಲಿ ಕೂತು ಹೇಳಿಕೊಂಡು ತಿರುಗುತ್ತಿದ್ದೆ. ಕೆಲವು ತಿಂಗಳಾದ ಮೇಲೆ ಒಂದು ಭಾನುವಾರ ಕುಲಕರ್ಣಿಯವರು ನಗುತ್ತ ಎದುರಾದರು. ಈಗ ಅವರ ಹೆಗಲ ಮೇಲೆ ಅಪ್ಪ ಕಳಿಸಿದ ಕಂಬಳಿ ಇತ್ತು. "ತಿಪ್ಪೇಶಪ್ಪ, ಉತ್ತರದಾಗ ಒಂದು ನೀರಾವರಿ ಆಫೀಸಿನವ್ರು ನಿಮ್ಮ ಡ್ರೈವರ್ ತರಿಸ್ಕೊಂಡಾರ. ಅವರ ನಕ್ಷಾದಾಗ ಸಣ್ಣ ಸಣ್ಣ ಹಳ್ಳ ಎಲ್ಲಾ ಕೆರಿ ಆಗ್ಯಾವಂತ!" ವಿಷಯ ಏನೆಂದರೆ, ಪುಟ್ಟ ಹಳ್ಳವೊಂದು ಒಂದು ಸುತ್ತು ಬಳಸಿ ಹೊರಟ ಜಾಗದ ಹತ್ತಿರಕ್ಕೆ ಬಂತು ಎನ್ನುವಷ್ಟರಲ್ಲಿ ನನ್ನ ಗಂಗಾ ಹಾರಿ ಹೋಗಿ ಮುಚ್ಚಿಬಿಡುತ್ತಿದ್ದಳು. ಮನೆಗೆ ಬಂದು ಇದನ್ನು ಹೇಳಿದರೆ ಅಸಲಿ ಗಂಗಾ, "ಒಳ್ಳೇದೇ ಆತಲ್ಲ ಬಿಡ್ರಿ. ಹರ್ದು ಹೋಗೋ ನೀರು ನಿಂತ್ಕಂತು. ಅದಕ್ಕೂ ದೂರಾ?" ಎಂದಳು. ಬಯಲುಸೀಮೆಯವಳು, ಅವಳಿಂದ ಇನ್ನೇನು ನಿರೀಕ್ಷಿಸುವುದು?

ಬಳಗದ ನಿಯಮವೇ ಅದಲ್ಲವೇ, ಬೇಕಾದವರು ತಿದ್ದಬಹುದು. ತಿದ್ದಿದರು. ಪೂನಾದವರೊಬ್ಬರು ಪೆನ್ನಿನ ಓಟವನ್ನು ಎರಡರಷ್ಟು ಚುರುಕು ಮಾಡಿದರು. ಹೈದರಾಬಾದಿನವರು ಲೆಕ್ಕದ ಭಾಗವನ್ನೇ ತೆಗೆದು ಹೊಸದಾಗಿ ಬರೆದರು. ನಾನು ಇಟ್ಟ ಕಂಬ, ತೊಲೆ, ಹೆಂಚು ಒಂದೊಂದಾಗಿ ಹೋಗುತ್ತ, ಕೊನೆಗೆ ಮನೆಯೇ ಬೇರೆಯಾಯಿತು. ಕಟ್ಟಿದವರ ಹೆಸರೂ ಬೇರೆಯಾಯಿತು. "ನಿಮ್ಮ ಹೆಸರು ಹೋತ್ರೀ" ಎಂದು ಕುಲಕರ್ಣಿಯವರು ಬೇಸರದಿಂದಲೇ ಹೇಳಿದರು. "ಒಂದ ತುಂಡು ಮಾತ್ರ ಯಾರೂ ಮುಟ್ಟಿಲ್ಲ. ಯಾವಾಗ್ಲೂ ಮುಚ್ಚೂದು ಬ್ಯಾಡ, ಬೇಕಾದವ್ರು ಕರಕೋಬೇಕು ಅಂತ ಬೇರೆ ಇಟ್ಟಾರ. ಹೊಲದ ಗಡಿ, ಕೆರಿ ದಂಡಿ ಬರಿಯೋರು ಎಲ್ಲಾರೂ ಅದನ್ನ ಕರೀತಾರ. ಹೆಸರೂ ಹಂಗ ಅದ. ಗಂಗಾ."

ಅಪ್ಪ ಮುಂದಿನ ಸಲ ಬಂದಾಗ, "ಇನ್ನೂ ಐತಾ ನಮ್ಮ ಗುರುತು?" ಎಂದು ಕೇಳಿದ. "ಐತಪ್ಪ, ನಮ್ಮ ಮನೆ ಹೆಸರು ಗಟ್ಟಿಯಾಗೇ ಐತೆ" ಎಂದೆ. ಸುಳ್ಳೇನೂ ಹೇಳಲಿಲ್ಲ. ಗಂಗಾ ಒಳಗಿನಿಂದ ಸುಮ್ಮನೆ ಕೆಮ್ಮಿದಳು.

ಮೊನ್ನೆ ಹೈದರಾಬಾದಿನಿಂದ ಬಳಗದ ಹಿರಿಯರೊಬ್ಬರು ಗಣಿಗೆ ಬಂದಿದ್ದರು. ಕುಲಕರ್ಣಿಯವರು ನನ್ನನ್ನು ಮುಂದೆ ತಳ್ಳಿ, ಇವರು ತಿಪ್ಪೇಶಪ್ಪ, ಮೊದಲು ಡ್ರೈವರ್ ಬರೆದವರು ಎಂದು ಪರಿಚಯಿಸಿದರು. ಆ ಹಿರಿಯರು ನೆನಪಿಗೆ ಬಾರದೆ ಕನ್ನಡಕ ಸರಿ ಮಾಡಿಕೊಂಡರು. ಕುಲಕರ್ಣಿಯವರು ಮೆಲ್ಲಗೆ, "ಗಂಗಾ ಅವರ ಯಜಮಾನ್ರು" ಎಂದರು. ಅವರ ಮುಖ ಅರಳಿತು. ನನ್ನ ಎರಡೂ ಕೈ ಹಿಡಿದುಕೊಂಡು ಕುಲುಕಿ, ತಮ್ಮ ಆಫೀಸಿನ ಎಲ್ಲ ನಕ್ಷೆಗಳೂ ಆಕೆಯ ದಯೆಯಿಂದಲೇ ಮುಗಿಯುತ್ತಿವೆ ಎಂದರು. ಆಮೇಲೆ ಕುರ್ಚಿ ಎಳೆದು ಕೂರಿಸಿ ಒಂದು ಸಂದೇಹ ಕೇಳಿದರು: ಒಂದೇ ಜಾಗದ ಹತ್ತಿರಕ್ಕೆ ಎರಡು ಗೆರೆಗಳು ಬಂದರೆ ಯಾವುದನ್ನು ಮುಚ್ಚಬೇಕು, ಯಾವುದನ್ನು ಬಿಡಬೇಕು? ನಮ್ಮ ಹಟ್ಟಿಯ ಮೊದಲ ಪದವೀಧರನಾದ ನಾನು ಛಾವಣಿ ನೋಡಿದೆ, ನೆಲ ನೋಡಿದೆ. ಮನೆಯಲ್ಲಿ ಕೇಳಿ ಹೇಳುತ್ತೇನೆ ಎಂದೆ.